ಹಸಿರು ಅಂಚಿನ ತೋಟಾಗಳು

“ಅಮ್ಮಾ, ಗಾಳಿ ಅಜ್ಜಿಯ ಒಂದು ಹುಬ್ಬು ಎಲ್ಲಿ ಹೋಯ್ತು? ಹುಡುಕಿದ್ರೆ ಸಿಗಲ್ವಾ?”

ಹೊಲಿಗೆ ಯಂತ್ರದ ಕೆಳಗೆ ಕೂತು, ಬಿದ್ದ ಬಟ್ಟೆ ಚೂರುಗಳಲ್ಲಿ ಗೊಂಬೆಗೆ ಹಾಸಿಗೆ ಮಾಡುತ್ತಿದ್ದ ಪುಟ್ಟಿ ತಲೆ ಎತ್ತದೆಯೇ ಕೇಳಿದಳು. ಪುಟ್ಟಿಯ ಅಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಸೂಜಿ ದಪ್ಪ ಕ್ಯಾನ್ವಾಸಿನೊಳಗೆ ಅರ್ಧ ಇಳಿದು ಸಿಕ್ಕಿಕೊಂಡಿತು.

“ಸುಟ್ಟುಹೋಯ್ತು ಕಂದ.”

“ಲೇತ್ ತಾತ ಸುಟ್ಟಿದ್ದಂತೆ. ಅಂಗಡಿ ಅಂಕಲ್ ಹೇಳ್ತಿದ್ರು. ತಾತ ಕೆಟ್ಟವರಾ ಅಮ್ಮಾ?”

ಊರಿನವರ ಬಾಯಿಗೆ ಬೀಗ ಇರುವುದಿಲ್ಲ, ಅದು ಪುಟ್ಟಿಯ ಅಮ್ಮನಿಗೆ ಹೊಸದಲ್ಲ. ಆದರೆ ಆ ಮಾತು ತನ್ನ ಮಗಳ ನಾಲಿಗೆಯ ಮೇಲೆ, ಹಾಲು ಹಲ್ಲುಗಳ ನಡುವಿನಿಂದ ಬಂದಾಗ ಅದರ ತೂಕವೇ ಬೇರೆಯಾಯಿತು. ಅವಳ ಕಣ್ಣು ತಾನಾಗಿ ಕಪಾಟಿನ ಮೇಲಕ್ಕೆ ಹೋಯಿತು. ಅಲ್ಲಿ, ಪುಟ್ಟಿಯ ಕೈಗೆ ಎಟುಕದ ಹಾಗೆ, ಬೀಗ ಹಾಕಿದ ಒಂದು ತಗಡಿನ ಡಬ್ಬಿ ಇತ್ತು. ಲೇತ್ ತಾತ ಸುಟ್ಟಿದ್ದಲ್ಲ ಎನ್ನುವುದಕ್ಕೆ ಸಾಕ್ಷಿ ಆ ಡಬ್ಬಿಯೊಳಗೆ ವಾರಗಟ್ಟಲೆಯಿಂದ ಬಾಯಿ ಮುಚ್ಚಿಕೊಂಡು ಕೂತಿತ್ತು. ಬಾಯಿ ಮುಚ್ಚಿಸಿದವಳು ಅವಳೇ.

ಗಾಳಿ ಅಜ್ಜಿ ಎಂದರೆ ಅವಳ ಸೋದರತ್ತೆ, ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ವಾರವೆಲ್ಲ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು, “ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ” ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಹೆಂಗಸು, ಭಾನುವಾರ ಬಂತೆಂದರೆ ಶೂಟಿಂಗ್ ಮೈದಾನದ ಚಾಪೆಯ ಮೇಲೆ ಬೋರಲು ಮಲಗಿ, ಸಾವಿರ ಮೀಟರ್ ಆಚೆಯ ಗುರಿಹಲಗೆಗೆ ರೈಫಲ್ ಹಿಡಿಯುತ್ತಿದ್ದರು. ಅಷ್ಟು ದೂರ ಹೋಗುವ ಗುಂಡನ್ನು ದಾರಿಯಲ್ಲಿ ಗಾಳಿ ಎಳೆಯುತ್ತದೆ. ಅತ್ತೆ ಆ ಗಾಳಿಯ ಜೊತೆ ಮಾತಾಡುತ್ತಿದ್ದರು. ಕಂಬದ ಬಾವುಟ ನೋಡಿ, ಹುಲ್ಲು ಬಾಗಿದ್ದು ನೋಡಿ, ಬಿಸಿಲಿಗೆ ನೆಲದ ಮೇಲೆ ನಡುಗುವ ಝಳ ನೋಡಿ, “ಬಾ, ಬಾ, ಬಂದೆಯಾ? ಹೋಗು ಈಗ, ನನ್ನ ಕೆಲಸ ಇದೆ” ಎಂದು ಗೊಣಗಿ, ಗಾಳಿ ಉಸಿರು ಹಿಡಿದ ಕ್ಷಣಕ್ಕೆ ತಾವೂ ಉಸಿರು ಹಿಡಿದು ರೈಫಲ್ಲಿನ ಕುದುರೆ ಒತ್ತುತ್ತಿದ್ದರು. ಹಾಗಾಗಿ ಗಾಳಿ ಅತ್ತೆ. ಪುಟ್ಟಿ ಹುಟ್ಟಿದ ಮೇಲೆ ಗಾಳಿ ಅಜ್ಜಿ.

ಅತ್ತೆಯ ಗಂಡ, ಅಂದರೆ ಮಾವ, ಅದೇ ಮೈದಾನದ ವರ್ಕ್‌ಶಾಪಿನ ಲೇತ್ ಕೆಲಸಗಾರ; ಹಾಗಾಗಿ ಪುಟ್ಟಿಗೆ ಲೇತ್ ತಾತ. ಉಕ್ಕಿನ ದಿಂಡನ್ನು ಕಡೆದು ರೈಫಲ್ಲಿಗೆ ನಳಿಗೆ ಕೂರಿಸುವುದು ಅವರ ಕಸುಬು. ಮದುವೆಯಾದ ಹೊಸದರಲ್ಲಿ ಅತ್ತೆ ಊಟದ ಡಬ್ಬಿ ಹಿಡಿದು ವರ್ಕ್‌ಶಾಪಿಗೆ ಹೋಗುತ್ತಿದ್ದರಂತೆ. ಒಂದು ದಿನ ಯಾರೋ ತಮಾಷೆಗೆ, “ನೀವೂ ಒಂದು ಕೈ ನೋಡ್ತೀರಾ ಅಕ್ಕಾ?” ಎಂದದ್ದೇ ನೆಪ. ಸೆರಗು ಸಿಕ್ಕಿಸಿ ಮಲಗಿ ಹೊಡೆದರು. ಗುಂಡು ನಟ್ಟನಡುವೆ ಬಿತ್ತು. ಮಾವ ಈ ಕಥೆಯನ್ನು ನೂರು ಸಲ ಹೇಳಿ ನೂರು ಸಲವೂ ಒಂದೇ ಮಾತಿಗೆ ಮುಗಿಸುತ್ತಿದ್ದರು: “ಆವತ್ತಿಂದ ನಂಗೆ ಡಬ್ಬಿ ಬರೋದು ನಿಂತುಹೋಯ್ತು ನೋಡು.”

ಜೀವಕ್ಕೆ ಜೀವ ಕೊಡುವ ಗಂಡ ಹೆಂಡತಿ. ಆದರೆ ಊಟದ ಮೇಜಿನ ಮೇಲೆ ಮದ್ದಿನ ಡಬ್ಬಿ, ಸಣ್ಣ ತಕ್ಕಡಿ, ಹಿತ್ತಾಳೆಯ ಖಾಲಿ ತೋಟಾಗಳು ಬಂದು ಕೂತವೆಂದರೆ ಇಬ್ಬರೂ ಹಾವು ಮುಂಗುಸಿ. ಆ ಮಟ್ಟದ ಶೂಟರುಗಳು ಅಂಗಡಿಯ ತೋಟಾ ನೆಚ್ಚುವುದಿಲ್ಲ. ತಮ್ಮ ನಳಿಗೆಗೆ ಹೊಂದುವಂತೆ ತಾವೇ ಮದ್ದು ಅಳೆದು, ಗುಂಡು ಕೂರಿಸಿಕೊಳ್ಳುತ್ತಾರೆ. ಈ ಮನೆಯಲ್ಲಿ ತುಂಬುವವರು ಮಾವ, ಹೊಡೆಯುವವರು ಅತ್ತೆ. ಮಾವನಿಗೆ ವೇಗದ ಹುಚ್ಚು.

“ಗುಂಡು ಬೇಗ ಹೋದಷ್ಟೂ ಗಾಳಿಗೆ ಅದನ್ನ ಎಳೆಯೋಕೆ ಪುರುಸೊತ್ತು ಸಿಗಲ್ಲ ಕಣೇ. ಕಡಿಮೆ ಬೀಳುತ್ತೆ, ಕಡಿಮೆ ಸರಿಯುತ್ತೆ. ಇಷ್ಟೇ ಇಷ್ಟು ಮದ್ದು ಜಾಸ್ತಿ ಹಾಕ್ತೀನಿ.”

“ಹಾಕಿ, ಹಾಕಿ. ನಳಿಗೆ ಗಂಟಲು ಸುಟ್ಟುಹೋಗುತ್ತಲ್ಲ, ಅದನ್ನ ಯಾರು ಕೇಳ್ತಾರೆ? ದಿನಾ ಕುದಿಯೋ ಕಾಫೀನ ಬಾಯಿಗೆ ಸುರ್ಕೊಂಡ್ರೆ ನಿಮ್ಮ ಗಂಟಲು ಎಷ್ಟು ದಿನ ಬಾಳುತ್ತೆ?”

“ಸುಟ್ಟರೆ ಇನ್ನೊಂದು ಕಡೀತೀನಿ. ನಾನಿಲ್ವಾ?”

“ನೀವಿದ್ದೀರಿ, ಅದಕ್ಕೇ ಭಯ. ರೀ, ನಂಗೆ ಬೇಗ ಹೋಗೋ ಗುಂಡು ಬೇಡ. ನಿನ್ನೆ ಹೋದ ಹಾಗೇ ಇವತ್ತೂ ಹೋಗೋ ಗುಂಡು ಬೇಕು. ಗಾಳಿ ಎಷ್ಟು ಎಳೆಯುತ್ತೆ ಅಂತ ಗೊತ್ತಿದ್ರೆ ಅಷ್ಟು ಪಕ್ಕಕ್ಕೆ ಹಿಡೀತೀನಿ. ನಿಧಾನವೇ ಪ್ರಧಾನ.”

“ಆಯ್ತಮ್ಮಾ, ಎತ್ತಿನ ಗಾಡೀಲಿ ಕಳಿಸ್ತೀನಿ ನಿನ್ನ ಗುಂಡನ್ನ!”

ಹೀಗೆ ಜಗಳವಾಡಿ, ಕೊನೆಗೆ ಇಬ್ಬರ ಮಾತಿಗೂ ನಡುವೆ ಎಲ್ಲೋ ತಕ್ಕಡಿ ನಿಲ್ಲುತ್ತಿತ್ತು. ವೇಗದ ತೋಟಾ ಹೊಡೆದರೆ ನಳಿಗೆ ಸಾವಿರ ಚಿಲ್ಲರೆ ಗುಂಡಿಗೆ ಮುಗಿಯುತ್ತದೆ; ಹದವಾಗಿ ಹೊಡೆದರೆ ಅದರ ಎರಡು ಮೂರು ಪಟ್ಟು ಬಾಳುತ್ತದೆ. ಮುಗಿಯುವ ರೀತಿಯೂ ವಿಚಿತ್ರ. ಒಳಗಿನ ಸುರುಳಿ ಗೀರುಗಳು ಶುರುವಾಗುವ ಜಾಗವೇ ಗಂಟಲು. ಅಲ್ಲಿ ಬೆಂಕಿ ಹೊಡೆದೂ ಹೊಡೆದೂ ಗೀರುಗಳು ಸವೆದು ಮುಂದಕ್ಕೆ ಸರಿಯುತ್ತವೆ. ಗುಂಡಿಗೂ ಗೀರಿಗೂ ನಡುವೆ ಅಂತರ ಬೀಳುತ್ತದೆ, ವೇಗ ಇಳಿಯುತ್ತದೆ. ಆಗ ಮಾವ ಗುಂಡನ್ನು ತೋಟಾದ ಬಾಯಿಂದ ಒಂದು ಕೂದಲೆಳೆ ಮುಂದೆ ಚಾಚಿ ಕೂರಿಸಿ, ಕಳೆದ ವೇಗ ತುಂಬಲು ಒಂದು ಚಿಟಿಕೆ ಮದ್ದು ಸೇರಿಸುತ್ತಿದ್ದರು. ಮತ್ತೆ ಸವೆದರೆ ಮತ್ತೊಂದು ಕೂದಲೆಳೆ, ಮತ್ತೊಂದು ಚಿಟಿಕೆ. ಮುದಿ ನಳಿಗೆಗೆ ತುಂಬಿದ ತೋಟಾ ಹೀಗೆ ಉದ್ದವೂ ಖಾರವೂ ಆಗುತ್ತ ಹೋಗುತ್ತದೆ. ಮುದಿ ಗಂಟಲು ಅದನ್ನು ತಾಳಿಕೊಳ್ಳುತ್ತದೆ. ಹೊಸ ಗಂಟಲು ತಾಳುವುದಿಲ್ಲ; ಚಾಚಿದ ಗುಂಡು ಗೀರಿಗೆ ಬಿಗಿಯಾಗಿ ಸಿಕ್ಕಿಕೊಂಡು ಬೆಂಕಿ ಹಿಂದಕ್ಕೆ ಸಿಡಿಯುತ್ತದೆ.

ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ನಳಿಗೆಗೂ ಒಂದು ಬಣ್ಣ. ನಳಿಗೆಯ ಬುಡಕ್ಕೆ ಬಣ್ಣದ ಒಂದು ಉಂಗುರ ಬಳಿಯುತ್ತಿದ್ದರು. ಅದರ ತೋಟಾಗಳನ್ನು ಸಿಕ್ಕಿಸುವ ಬಟ್ಟೆಯ ಪಟ್ಟಿಗೆ ಅದೇ ಬಣ್ಣದ ಅಂಚು. ಶೂಟಿಂಗ್ ಜಾಕೆಟ್ಟು, ಮರಳಿನ ಚೀಲ ಹೊಲಿದು ಸಂಸಾರ ತೂಗಿಸುವ ಪುಟ್ಟಿಯ ಅಮ್ಮನೇ ಆ ಪಟ್ಟಿಗಳನ್ನೂ ಹೊಲಿದುಕೊಡುತ್ತಿದ್ದಳು. ನಳಿಗೆ ಮುಗಿದರೆ ಹೊಸದನ್ನು ಕೂರಿಸುವುದು ಮಾವನ ಕೆಲಸ. ಅದಕ್ಕೂ ಮೊದಲು ಹಳೆಯ ತೋಟಾ ಒಂದೂ ಬಿಡದೆ ಬಿಚ್ಚಿ ಹಾಕುವುದು ಅತ್ತೆಯ ಕೆಲಸ. ಹಿತ್ತಲ ಮೆಟ್ಟಿಲ ಮೇಲೆ ಕೂತು, ತೋಟಾವನ್ನು ಟೊಳ್ಳಾದ ಪ್ಲಾಸ್ಟಿಕ್ ಸುತ್ತಿಗೆಯ ಬಾಯಿಗೆ ಸಿಕ್ಕಿಸಿ ಟಕ್ ಟಕ್ ಎಂದು ಮರದ ಹಲಗೆಗೆ ಬಡಿದರೆ ಗುಂಡು ಬೇರೆ, ಮದ್ದು ಬೇರೆ ಆಗುತ್ತಿತ್ತು. ಆಮೇಲೆ ಖಾಲಿ ಪಟ್ಟಿ ಪುಟ್ಟಿಯ ಅಮ್ಮನ ಬಳಿ ಬರುತ್ತಿತ್ತು. ಹಳೆ ಅಂಚು ಬಿಚ್ಚಿ ಹೊಸ ಬಣ್ಣ ಹೊಲಿದರೆ ಮತ್ತೆ ಹೊಸ ಪಟ್ಟಿ.

ಈ ಸಲ ಮುಗಿದದ್ದು ಹಸಿರು ನಳಿಗೆ. ಹೊಸದಕ್ಕೆ ಹಳದಿ. ಅತ್ತೆ ಬರಿಗೈಯಲ್ಲಿ ಬಂದರು.

“ಹಳದಿ ಅಂಚಿಂದು ಹೊಸ ಪಟ್ಟೀನೇ ಹೊಲಿದುಬಿಡು ಮಗಳೇ.”

“ಹಸಿರುದು ಕೊಡಿ ಅತ್ತೆ, ಅಂಚು ಬದಲಾಯಿಸಿದ್ರೆ ಆಯ್ತಲ್ಲ.”

“ಅದು ಹರಿದುಹೋಗಿತ್ತು. ಬಿಸಾಕಿದೆ.”

ಬ್ರೆಡ್ ಸುತ್ತಿದ ಕಾಗದವನ್ನೂ ನೀಟಾಗಿ ಮಡಿಸಿ ಇಡುವ ಹೆಂಗಸು ಗಟ್ಟಿ ಕ್ಯಾನ್ವಾಸಿನ ಪಟ್ಟಿ ಬಿಸಾಕಿದರಾ? ಪುಟ್ಟಿಯ ಅಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಒಲೆಯ ಮೇಲೆ ಹಾಲು ಉಕ್ಕಿತು, ಮರೆತಳು.

ಅದಾದ ಮೇಲೆ ಬಂದದ್ದು ಶೂಟಿಂಗ್ ತಂಡದ ಆಯ್ಕೆಯ ದಿನ. ಅತ್ತೆ ಎಷ್ಟೋ ವರ್ಷ ಬದಲಿ ಆಟಗಾರ್ತಿಯಾಗಿ ನೀರಿನ ಬಾಟಲಿ ಹೊತ್ತವರು. “ಮುಂದಿನ ಸಲ ಅನ್ನೋದು ನಂಗಿಲ್ಲ ಕಣೇ, ಮುಂದಿನ ಸಲಕ್ಕೆ ಕನ್ನಡಕವೇ ನನಗಿಂತ ದಪ್ಪ ಆಗಿರುತ್ತೆ” ಎಂದು ನಗುತ್ತಿದ್ದರು. ಜಾಕೆಟ್ಟಿನ ಬಕಲ್ ಸಡಿಲವಾಗಿದೆ ಎಂದು ಫೋನ್ ಮಾಡಿದ್ದರಿಂದ ಪುಟ್ಟಿಯ ಅಮ್ಮ ಸೂಜಿ ದಾರ ಹಿಡಿದು ಮೈದಾನಕ್ಕೆ ಹೋದಳು. ಪುಟ್ಟಿಯನ್ನು ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ, ಬಕಲ್ ಹೊಲಿದು, ಗೋಡೆಯ ಪಕ್ಕ ನಿಂತು ನೋಡಿದಳು.

ಆವತ್ತು ಗಾಳಿಗೆ ಹುಚ್ಚು ಹಿಡಿದಿತ್ತು. ಬಾವುಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹೊಸ ನಳಿಗೆ ಇನ್ನೂ ಹದಕ್ಕೆ ಬಂದಿರಲಿಲ್ಲ. ಅತ್ತೆಯ ಗುಂಡುಗಳು ಅಂಚಂಚಿಗೆ ಹೋಗುತ್ತಿದ್ದವು. ಪಕ್ಕದ ಚಾಪೆಯವಳು ಮುಂದಾದಳು. ಅತ್ತೆ ಬೆವರಿಗೆ ಮಂಜಾದ ಕನ್ನಡಕ ತೆಗೆದು ಹಣೆಗೆ ಏರಿಸಿದರು. ಜಾಕೆಟ್ಟಿನೊಳಗೆ ಕೈ ಹಾಕಿ ಏನೋ ತೆಗೆದರು. ನಳಿಗೆಯ ಹಿಂಬಾಯಿಗೆ ಬೋಲ್ಟ್ ತಳ್ಳಿ ಮುಚ್ಚಿದರು. ಮುಚ್ಚುವಾಗ ಅಂಗೈಯಿಂದ ಒಂದು ಸಲ ಒತ್ತಿದ ಹಾಗೆ ಕಾಣಿಸಿತು.

ಆ ಸದ್ದು ಬೇರೆಯದೇ.

ದಿನವೆಲ್ಲ ಕೇಳಿದ ಢಂ ಅಲ್ಲ. ತಗಡು ಹರಿದಂತೆ, ಉಕ್ಕಿಗೆ ಯಾರೋ ಬಾರುಕೋಲಿನಿಂದ ಹೊಡೆದಂತೆ, ಚಟೀರ್. ರೈಫಲ್ಲಿನ ಮೂತಿಯಿಂದ ಬರಬೇಕಾದ ಹೊಗೆ ಹಿಂದಿನಿಂದ, ಅತ್ತೆಯ ಮುಖದ ಮೇಲೆ ಬಂತು. ಎರಡು ಕ್ಷಣ ಯಾರೂ ಅಲುಗಲಿಲ್ಲ. ಅತ್ತೆಯೂ ಅಲುಗಲಿಲ್ಲ. ಪುಟ್ಟಿಯ ಅಮ್ಮನ ಕಾಲು ನೆಲಕ್ಕೆ ಹೊಲಿದ ಹಾಗೆ ನಿಂತಿತು. ಆಮೇಲೆ ಅತ್ತೆ ಎದ್ದು ಕೂತು, ಬಲಗೈಯನ್ನು ಕಣ್ಣಿನ ಮೇಲೆ ಮುಚ್ಚಿಕೊಂಡು, ಟಿಕೆಟ್ ಕಿಟಕಿಯಲ್ಲಿ ಮಾತಾಡುವ ಸಾದಾ ದನಿಯಲ್ಲೇ, “ಯಾರಾದ್ರೂ ನೀರು ಕೊಡಿ” ಎಂದರು. ಆ ಸಾದಾ ದನಿಯೇ ಎಲ್ಲರ ರಕ್ತ ತಣ್ಣಗೆ ಮಾಡಿತು.

ಮಾವ ವರ್ಕ್‌ಶಾಪಿನಿಂದ ಏಪ್ರನ್ನಿನಲ್ಲೇ ಓಡಿ ಬಂದರು. ರೈಫಲ್ಲಿನ ಬೋಲ್ಟನ್ನು ಬಡಿದು ತೆಗೆಯಬೇಕಾಯಿತು. ಒಳಗಿನ ಹಿತ್ತಾಳೆ ಬೆಣ್ಣೆಯ ಹಾಗೆ ಅಂಟಿಕೊಂಡಿತ್ತು. ತೋಟಾದ ಬೆನ್ನಿಗೆ ಕಿಡಿ ಹೊತ್ತಿಸುವ ಕೇಪು ಇದ್ದ ಜಾಗದಲ್ಲಿ ತೂತು. ನೋಡಿದ ತಕ್ಷಣ ಅವರ ಮುಖ ಸುಣ್ಣವಾಯಿತು.

“ಮದ್ದು ಜಾಸ್ತಿ. ಮದ್ದು ಜಾಸ್ತಿ ಬಿದ್ದಿದೆ. ತುಂಬಿದ್ದು ನಾನು. ನಾನೇ.”

ಆಸ್ಪತ್ರೆಯ ಮೊಗಸಾಲೆಯಲ್ಲೂ ಅದೇ ಮಾತು. ಮೈದಾನದ ಸುರಕ್ಷತಾ ಅಧಿಕಾರಿ ಬಂದು ಕೇಳಿದಾಗಲೂ ಅದೇ ಮಾತು. ಯಾರಿಗೂ ಅನುಮಾನ ಬರಲಿಲ್ಲ. ವೇಗದ ಹುಚ್ಚಿನವರೆಂದು ಇಡೀ ಮೈದಾನಕ್ಕೇ ಗೊತ್ತಿದ್ದ ಮನುಷ್ಯ. “ಹೇಳಿರ್ಲಿಲ್ವಾ, ಒಂದಲ್ಲ ಒಂದು ದಿನ ಹೀಗಾಗುತ್ತೆ ಅಂತ” ಎಂದು ಗೋಡೆಗೊರಗಿದವರೆಲ್ಲ ತಲೆಯಾಡಿಸಿದರು.

ನರ್ಸ್ ಒಂದು ಪ್ಲಾಸ್ಟಿಕ್ ಚೀಲ ತಂದು ಪುಟ್ಟಿಯ ಅಮ್ಮನ ಕೈಗಿಟ್ಟಳು. ಅತ್ತೆಯ ಜಾಕೆಟ್ಟು. ತೊಳೆದು ತರುತ್ತೇನೆಂದು ಮನೆಗೆ ಒಯ್ದು, ನೀರಿಗೆ ಹಾಕುವ ಮುಂಚೆ ಅಭ್ಯಾಸಬಲದಿಂದ ಜೇಬು ತಡವಿದಳು. ಒಳಜೇಬಿನಲ್ಲಿ ಗಟ್ಟಿಯಾಗಿ ಏನೋ ಇತ್ತು. ಎಳೆದಳು.

ಹಸಿರು ಅಂಚಿನ ಪಟ್ಟಿ. ಹರಿದಿರಲಿಲ್ಲ. ಅವಳು ಹೊಲಿದ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಸಾಲಾಗಿ ತೋಟಾಗಳು, ಉದ್ದ ಮೂತಿಯವು, ಮುದಿ ನಳಿಗೆಯವು. ತೋಟಾ ಸಿಕ್ಕಿಸುವ ಒಂದು ಮನೆ ಮಾತ್ರ ಖಾಲಿ.

ಅವಳು ಬಚ್ಚಲ ನೆಲದ ಮೇಲೆ ಕೂತುಬಿಟ್ಟಳು. ನಲ್ಲಿ ಸುರಿಯುತ್ತಲೇ ಇತ್ತು. ನಿಧಾನವೇ ಪ್ರಧಾನ ಎಂದವರು. ಒಂದು ತೋಟಾ ತಪ್ಪಿ ಸಿಕ್ಕರೂ ಮನೆಯೆಲ್ಲ ಒಂದು ಮಾಡುವವರು. ಅವರಾ? ಕಣ್ಣಿಗೆ ಕಂಡದ್ದನ್ನು ಮನಸ್ಸು ಒಪ್ಪಲಿಲ್ಲ. ಪೊಲೀಸು, ಶೂಟಿಂಗ್ ಕ್ಲಬ್ಬು, ಮಾವ, ಯಾರಿಗೆ ಹೇಳುವುದು? ಅತ್ತೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಮೊದಲು ಅವರು ಎದ್ದು ಕೂರಲಿ, ಅವರೇ ಹೇಳಲಿ ಎಂದುಕೊಂಡು ತಗಡಿನ ಡಬ್ಬಿಗೆ ಬೀಗ ಹಾಕಿದಳು.

ಅತ್ತೆ ಎದ್ದು ಕೂತರು, ಮನೆಗೆ ಬಂದರು, ಬಲಹುಬ್ಬಿನ ಜಾಗದಲ್ಲಿ ನಯವಾದ ಕೆಂಪು ಚರ್ಮ ಬಂತು. ಬಲಗಣ್ಣು ಪೂರ್ತಿ ಹೋಗಿರಲಿಲ್ಲ. ಅಂಚೆಲ್ಲ ಕಾಣುತ್ತಿತ್ತು, ನಡುವೆ ಮಾತ್ರ ಯಾರೋ ಗಾಜಿನ ಮೇಲೆ ಹೆಬ್ಬೆರಳು ಒತ್ತಿದ ಹಾಗೆ. ಗುರಿ ಇಡುವ ಕಣ್ಣಿಗೆ ನಡುವೇ ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ಮಾವ ವರ್ಕ್‌ಶಾಪಿನ ಕೀಲಿ ಅಧಿಕಾರಿಗೆ ಒಪ್ಪಿಸಿ, ಲೇತಿಗೆ ಎಣ್ಣೆ ಹಚ್ಚಿ, ಹಳೆ ಹೊದಿಕೆ ಹೊದಿಸಿ, ಸತ್ತವರ ಮುಖ ಮುಚ್ಚಿದ ಹಾಗೆ ಮುಚ್ಚಿ ಬಂದರು. “ಇನ್ನು ಈ ಕೈಯಿಂದ ನಳಿಗೆ ಮುಟ್ಟಲ್ಲ” ಎಂದರು. ಹೆಂಡತಿಯ ಎದುರು ಊಟಕ್ಕೆ ಕೂರುವುದನ್ನೂ ಬಿಟ್ಟರು. ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದರು.

ಅತ್ತೆ ಹೇಳಲಿಲ್ಲ. ವಾರ ಉರುಳಿತು, ಇನ್ನೊಂದು ಉರುಳಿತು. ಪುಟ್ಟಿಯ ಅಮ್ಮನಲ್ಲಿ ಸಿಟ್ಟು, ಮರುಕ ಎರಡೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಈಗ ಮಗಳು ಕೇಳಿದ ಪ್ರಶ್ನೆ ಮುಚ್ಚಳ ಹಾರಿಸಿತು.

“ಎದ್ದೇಳು ಪುಟ್ಟಿ. ಚಪ್ಪಲಿ ಹಾಕ್ಕೋ. ಅಜ್ಜಿ ಮನೆಗೆ ಹೋಗೋಣ.”

“ಹುಬ್ಬು ಹುಡುಕೋಕಾ?”

“ಹೂಂ, ಅದಕ್ಕೇ.”

ತೊಳೆದು ಒಣಗಿಸಿದ ಜಾಕೆಟ್ಟನ್ನು ಒಂದು ಚೀಲದಲ್ಲಿ, ತಗಡಿನ ಡಬ್ಬಿಯನ್ನು ಇನ್ನೊಂದರಲ್ಲಿ ಹಿಡಿದು ಹೊರಟಳು. ಮಾವ ಹಿತ್ತಲಲ್ಲಿ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಿ, “ಬಾಮ್ಮಾ” ಎಂದು ಮತ್ತೆ ತಗ್ಗಿಸಿದರು. ಪುಟ್ಟಿಯನ್ನು ಅವರ ಬಳಿ ಬಿಟ್ಟು, ಅತ್ತೆ ಎಲ್ಲಿ ಎಂದು ಮಲಗುವ ಕೋಣೆಯ ಬಾಗಿಲು ತಳ್ಳಿದವಳು ದಂಗಾಗಿ ನಿಂತಳು.

ಅತ್ತೆ ನೆಲದ ಮೇಲೆ ಬೋರಲು ಮಲಗಿದ್ದರು. ಎಡಭುಜಕ್ಕೆ ಕೊಡೆಯ ಹಿಡಿ ಒತ್ತಿಕೊಂಡು, ಎಡಗಣ್ಣಿನಿಂದ ಗೋಡೆಯ ಗಡಿಯಾರಕ್ಕೆ ಗುರಿ ಇಟ್ಟಿದ್ದರು. ಎಡಗೈ ಬೆರಳು ಕೊಡೆಯ ಗುಂಡಿಯ ಮೇಲೆ. ಬಾಗಿಲ ಸದ್ದಿಗೆ ಬೆಚ್ಚಿ ಗುಂಡಿ ಒತ್ತಿಬಿಟ್ಟರು. ಕೊಡೆ ಫಟ್ಟೆಂದು ಬಿಚ್ಚಿಕೊಂಡಿತು.

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಈಗ ಕೊಡೆಯ ಮರೆಯಿಂದ ಅತ್ತೆ, “ಬಾಗಿಲು ಹಾಕ್ಕೋ” ಎಂದರು, ಅಷ್ಟೆ.

ಪುಟ್ಟಿಯ ಅಮ್ಮ ಬಾಗಿಲು ಹಾಕಿ, ಡಬ್ಬಿಯ ಬೀಗ ತೆಗೆದು ಪಟ್ಟಿಯನ್ನು ಹಾಸಿಗೆಯ ಮೇಲೆ ಬಿಡಿಸಿಟ್ಟಳು. ಅತ್ತೆ ನೋಡಿದರು. ನೋಡುವಾಗ ಮುಖ ಸ್ವಲ್ಪ ಓರೆ ಮಾಡಿದರು. ನೇರ ನೋಡಿದರೆ ಕಾಣುತ್ತಿರಲಿಲ್ಲವಲ್ಲ.

“ನಿನ್ನ ಹತ್ರ ಇತ್ತಾ? ಮನೆಯೆಲ್ಲ ಹುಡುಕಿದೆ.”

“ಹರಿದುಹೋಯ್ತು ಅಂದ್ರಲ್ಲ ಅತ್ತೆ.”

“ಅಂದೆ.”

“ಯಾಕತ್ತೆ? ನೀವು? ನೀವಾ?”

ಅತ್ತೆ ಎದ್ದು ಗೋಡೆಗೆ ಒರಗಿ ಕೂತರು. “ಹಸಿರು ನಳಿಗೆ ಸಾಯೋ ಮುಂಚೆ ಒಂದು ಭಾನುವಾರ ನಾನು ಹೊಡೆದದ್ದು ನೀನು ನೋಡಿಲ್ಲ. ಯಾರೂ ನೋಡಿಲ್ಲ, ನಿಮ್ಮ ಮಾವಾನೂ ನೋಡಿಲ್ಲ. ಸಾವಿರ ಮೀಟರಿಗೆ, ಎಲ್ಲಾ ಗುಂಡೂ ಒಂದು ಅಂಗೈಯೊಳಗೆ. ನನ್ನ ಜನ್ಮದಲ್ಲಿ ಹಾಗೆ ಹೊಡೆದಿರಲಿಲ್ಲ. ಗಾಳಿ ಇತ್ತು ಕಣೇ, ಆದ್ರೆ ಗುಂಡು ಗಾಳಿಗೆ ಕ್ಯಾರೇ ಅನ್ನಲಿಲ್ಲ. ನಿಮ್ಮ ಮಾವ ಮೂವತ್ತು ವರ್ಷದಿಂದ ಹೇಳ್ತಿದ್ದದ್ದು ಇದೇ ಅಂತ ಆವತ್ತು ಗೊತ್ತಾಯ್ತು. ಮುಂದಿನ ವಾರ ನಳಿಗೆ ಬೀಜ ಎರಚಿದ ಹಾಗೆ ಎರಚಿತು, ಮುಗಿದೇಹೋಯ್ತು. ಮೆಟ್ಟಿಲ ಮೇಲೆ ಕೂತು ಸುತ್ತಿಗೆ ಹಿಡಿದೆ. ಕೊನೇ ಪಟ್ಟಿ ಒಡೆಯೋಕೆ ಕೈ ಬರಲಿಲ್ಲ. ಮಗುವಿನ ಹಳೇ ಅಂಗಿ ಎತ್ತಿಡ್ತೀವಲ್ಲ, ಹಾಗೆ ಎತ್ತಿಟ್ಟೆ. ಹೊಡೆಯೋಕಲ್ಲ, ದೇವರಾಣೆ.”

“ಮತ್ತೆ ಆವತ್ತು?”

“ಆವತ್ತು ಪಕ್ಕದವಳು ಮುಂದೆ ಹೋದ್ಲು. ಗಾಳಿ ನನ್ನ ಮಾತು ಕೇಳ್ತಿರಲಿಲ್ಲ. ನಂಗೂ ವೇಗ ಬೇಕು ಅನ್ನಿಸ್ತು. ಒಂದೇ ಒಂದು ಅಂದ್ಕೊಂಡೆ.” ಅವರು ಅಂಗೈ ನೋಡಿಕೊಂಡರು. “ಬೋಲ್ಟ್ ಬಿಗಿ ಬಂತು. ಕೈ ಹೇಳ್ತು, ಬೇಡ ಅಂತ. ಟಿಕೆಟ್ ಕಿಟಕೀಲಿ ಖೋಟಾ ನೋಟು ಮುಟ್ಟಿದ್ರೆ ಗೊತ್ತಾಗುತ್ತಲ್ಲ, ಹಾಗೆ ಗೊತ್ತಾಯ್ತು. ಗೊತ್ತಾಗಿಯೂ ಒತ್ತಿದೆ.”

ಒತ್ತಿದ್ದನ್ನು ಪುಟ್ಟಿಯ ಅಮ್ಮ ತಾನೂ ಕಂಡಿದ್ದಳಲ್ಲ.

“ಮಾವನಿಗೆ ಯಾಕೆ ಹೇಳಲಿಲ್ಲ? ಊರೆಲ್ಲ ಅವರ ಮುಖಕ್ಕೆ ಮಸಿ ಬಳೀತಿದೆ. ಪುಟ್ಟಿ ಬಂದು ತಾತ ಕೆಟ್ಟವರಾ ಅಂತ ಕೇಳ್ತಾಳೆ ಅತ್ತೆ!”

ಅತ್ತೆಯ ಮುಖ ಒಮ್ಮೆಲೇ ಬಣ್ಣಗೆಟ್ಟಿತು. “ಪುಟ್ಟೀನಾ?”

“ಪುಟ್ಟೀನೇ.”

“ಬಾಯಿ ಬಿಡೋ ಹೊತ್ತಿಗೆ ಅವರು ಎಲ್ಲಾ ತಲೆ ಮೇಲೆ ಹೊತ್ಕೊಂಡಿದ್ರು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅನ್ನೋದು ದಿನದಿನಕ್ಕೂ ಭಾರ ಆಗುತ್ತೆ ಕಣೇ. ಮೂವತ್ತು ವರ್ಷ ಆ ಮನುಷ್ಯನಿಗೆ ವೇಗ ವೇಗ ಅಂತ ಬೈದ ಬಾಯಿ ಇದು.”

“ಎಡಗಣ್ಣಲ್ಲಿ ಹೊಡೀಬೇಕು ಅಂತ ಕೊಡೆ ಹಿಡಿದು ಮಲಗಿದ್ದೀರಿ. ಎಡಗೈ ರೈಫಲ್ ಯಾರು ಮಾಡಿಕೊಡ್ತಾರೆ? ಲೇತಿಗೆ ಮುಸುಕು ಹಾಕಿ ಕೂತಿದ್ದಾರಲ್ಲ ಅವರು. ಅದನ್ನ ತೆಗೆಸೋಕೆ ನಿಮ್ಮಿಂದ ಮಾತ್ರ ಆಗೋದು.”

ಅತ್ತೆ ಸ್ವಲ್ಪ ಹೊತ್ತು ಕೊಡೆಯ ಕಡ್ಡಿಗಳನ್ನು ಒಂದೊಂದಾಗಿ ನೇವರಿಸಿದರು. ಆಮೇಲೆ ಅದನ್ನು ಮಡಿಸಿ, ಎದ್ದು ನಿಂತು, ಬಾಗಿಲು ತೆಗೆದು ಕೂಗಿದರು: “ರೀ, ಇಲ್ಲಿ ಬನ್ನಿ.”

ಮಾವ ಬಟಾಣಿಯ ಬೋಗುಣಿ ಹಿಡಿದುಕೊಂಡೇ ಬಂದರು, ಹಿಂದೆ ಪುಟ್ಟಿ. ಹಾಸಿಗೆಯ ಮೇಲಿನ ಹಸಿರು ಅಂಚನ್ನು ನೋಡಿದವರೇ ನಿಂತರು. ಬೋಗುಣಿ ಕೈಯಲ್ಲಿ ಓರೆಯಾಯಿತು. ಬಟಾಣಿ ಒಂದೊಂದೇ ನೆಲಕ್ಕೆ ಉದುರಿ ಉರುಳಿತು. ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಟ್ಟಿಯಲ್ಲಿನ ಖಾಲಿ ಮನೆಯನ್ನು ನೋಡಿದರು, ಹೆಂಡತಿಯ ಹುಬ್ಬಿಲ್ಲದ ಹಣೆಯನ್ನು ನೋಡಿದರು.

“ಒಡೆಯದೆ ಇಟ್ಕೊಂಡಿದ್ದೆ. ಹಾಕಿದ್ದೂ ನಾನೇ. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲ” ಎಂದರು ಅತ್ತೆ.

ಮಾವ ಒಂದು ತೋಟಾ ಎತ್ತಿ ಬೆಳಕಿಗೆ ಹಿಡಿದರು. ಗುಂಡು ಎಷ್ಟು ಮುಂದೆ ಚಾಚಿದೆಯೆಂದು ಉಗುರಿನಿಂದ ಮುಟ್ಟಿ ನೋಡಿದರು.

“ಬೋಲ್ಟ್ ಬಿಗಿ ಬಂತಾ?”

“ಬಂತು.”

“ಬಂದರೂ ಒತ್ತಿದೆಯಾ?”

“ಒತ್ತಿದೆ.”

ಪುಟ್ಟಿಯ ಅಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಸ್ಫೋಟ ಈಗ ಬಂತು, ಈಗ ಬಂತು ಎಂದು ಕಾದಳು.

“ಸತ್ತುಹೋಗಿದ್ರೆ?” ಎಂದರು ಮಾವ. ದನಿ ಏರಿರಲೇ ಇಲ್ಲ. “ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಸತ್ತುಹೋಗಿದ್ರೆ ಏನೇ ಮಾಡ್ತಿದ್ದೆ ನೀನು? ನಾನು ತುಂಬಿದ್ದು, ನಾನು ತುಂಬಿದ್ದು ಅಂತ ನಾನೂ ಸಾಯ್ತಿದ್ದೆನಲ್ಲ!”

ಪುಟ್ಟಿ ಮುಂದೆ ಹೋಗಿ, ಅಜ್ಜಿಯ ಸೆರಗು ಜಗ್ಗಿ, ಅವರು ಬಗ್ಗಿದಾಗ ಕೆಂಪು ಚರ್ಮವನ್ನು ಕಿರುಬೆರಳಿನಿಂದ ಮುಟ್ಟಿದಳು.

“ಇದನ್ನ ತಾತ ಸುಟ್ಟಿದ್ದಾ?”

“ಇಲ್ಲ ಪುಟ್ಟಿ. ನಾನೇ ಸುಟ್ಕೊಂಡೆ. ಅಂಗಡಿ ಅಂಕಲ್‌ಗೂ ಹೇಳು.”

ಮಾವ ಸರಕ್ಕನೆ ತಿರುಗಿ ಹೋದರು. ಹಿತ್ತಲಲ್ಲಿ ಪೆಟ್ಟಿಗೆ ಎಳೆದ ಸದ್ದು ಕೇಳಿತು. ಹೊರಟೇ ಹೋದರೆ ಏನು ಗತಿ ಎಂದು ಪುಟ್ಟಿಯ ಅಮ್ಮ ಗಾಬರಿಯಾಗಿ ಬಾಗಿಲಿಗೆ ಹೋಗುವಷ್ಟರಲ್ಲಿ ಅವರು ವಾಪಸು ಬಂದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿಗೆ, ಇನ್ನೊಂದರಲ್ಲಿ ಮರದ ಹಲಗೆ. ಎರಡನ್ನೂ ಹೆಂಡತಿಯ ಮುಂದೆ ಇಟ್ಟರು.

“ಒಡೆ. ನನ್ನೆದುರಿಗೆ.”

ಹಿತ್ತಲ ಮೆಟ್ಟಿಲ ಮೇಲೆ ಅತ್ತೆ ಕೂತರು. ಪುಟ್ಟಿಯನ್ನು ಅಮ್ಮ ದೂರ, ಬಟ್ಟೆ ತಂತಿಯ ಆಚೆ ಹಿಡಿದುಕೊಂಡಳು. ಟಕ್, ಟಕ್. ಗುಂಡು ಬೇರೆ, ಮದ್ದು ಬೇರೆ. ಕರಿ ಸಾಸಿವೆಯಂಥ ಮದ್ದು ತಟ್ಟೆಯಲ್ಲಿ ರಾಶಿಯಾಯಿತು. ಕೊನೆಯ ತೋಟಾ ಬಂದಾಗ ಅತ್ತೆಯ ಕೈ ಒಂದು ಗಳಿಗೆ ತಡೆಯಿತು. ಮಾವ ನೋಡುತ್ತ ನಿಂತರು. ಟಕ್. ಅದೂ ಆಯಿತು. ಮಾವ ಆ ತಟ್ಟೆಯ ಮೇಲೆ ನೀರು ಸುರಿದರು.

“ನಾಳೆ ಕ್ಲಬ್ಬಿಗೆ ನಾನೇ ಹೋಗ್ತೀನಿ. ಅಧಿಕಾರಿ ಮುಂದೆ, ಗೋಡೆಗೊರಗಿದವರ ಮುಂದೆ, ಎಲ್ಲರ ಮುಂದೆ ಹೇಳ್ತೀನಿ. ನನ್ನನ್ನ ಚಾಪೆ ಮೇಲೆ ಮತ್ತೆ ಬಿಡ್ತಾರೋ ಇಲ್ವೋ, ಅದು ಅವರಿಗೆ ಬಿಟ್ಟದ್ದು. ನಿಮ್ಮ ಕೀಲಿ ಮಾತ್ರ ಇಸ್ಕೊಂಡೇ ಬರ್ತೀನಿ” ಎಂದರು ಅತ್ತೆ.

ಮಾವ ಅವರ ಕಡೆ ತಿರುಗಲಿಲ್ಲ. ಪುಟ್ಟಿಯ ಕಡೆ ತಿರುಗಿ ಹೇಳಿದರು: “ಪುಟ್ಟಿ, ನಿನ್ನ ಅಜ್ಜಿಗೆ ಹೇಳು, ಅವಳ ಜೊತೆ ನಾನು ಮಾತು ಬಿಟ್ಟಿದ್ದೀನಿ ಅಂತ.”

“ಅಜ್ಜೀ, ತಾತ ಮಾತು ಬಿಟ್ಟಿದ್ದಾರಂತೆ.”

“ಎಷ್ಟು ದಿನ ಅಂತ ಕೇಳು.”

“ಎಡಗೈ ಬೋಲ್ಟ್ ಕಡೆಯೋಕೆ ಎಷ್ಟು ದಿನ ಬೇಕೋ ಅಷ್ಟು ದಿನ ಅಂತ ಹೇಳು” ಎಂದು ಮಾವ ಒಳಗೆ ಹೋಗಿ, ಮೊಣಕಾಲೂರಿ, ಮಂಚದ ಕೆಳಗಿನ ಬಟಾಣಿ ಹೆಕ್ಕತೊಡಗಿದರು. ಅವರ ಬೆನ್ನು ನಡುಗುತ್ತಿತ್ತು. ಅಳುವಿಗೋ, ಸಿಟ್ಟಿಗೋ, ಪುಟ್ಟಿಯ ಅಮ್ಮನಿಗೆ ತಿಳಿಯಲಿಲ್ಲ. ಅತ್ತೆ ಹೋಗಿ ಅವರ ಪಕ್ಕದಲ್ಲೇ ಮೊಣಕಾಲೂರಿ, ಕಾಣದ ಕಡೆಯ ಬಟಾಣಿಗಳನ್ನೆಲ್ಲ ಬಿಟ್ಟು ಕಂಡಷ್ಟನ್ನು ಹೆಕ್ಕಿದರು.

ಹೊರಡುವಾಗ ಗೇಟಿನ ತನಕ ಬಂದ ಅತ್ತೆ, ಪುಟ್ಟಿಯ ಅಮ್ಮ ತಂದಿಟ್ಟಿದ್ದ ಜಾಕೆಟ್ಟನ್ನು ಮತ್ತೆ ಅವಳ ತೋಳಿನ ಮೇಲೇ ಹಾಕಿದರು.

“ಒಂದು ಉಪಕಾರ ಮಾಡ್ತೀಯಾ ಮಗಳೇ?”

“ಹೇಳಿ ಅತ್ತೆ.”

“ಬಲಭುಜದ ತೊಗಲಿನ ಮೆತ್ತೆ ಬಿಚ್ಚಿ ಎಡಕ್ಕೆ ಹಾಕ್ಕೊಡು. ಬಕಲ್ಲೂ ತಿರುಗಿಸಿಬಿಡು. ಅವರು ನನ್ನ ಒಳಗೆ ಬಿಡದೇ ಇದ್ರೂ ಪರವಾಗಿಲ್ಲ, ಹಾಕ್ಕೊಡು.” ಅತ್ತೆ ಜಾಕೆಟ್ಟಿನ ಎದೆಯ ಭಾಗವನ್ನು ಅಂಗೈಯಿಂದ ಒಮ್ಮೆ ಒತ್ತಿದರು. “ಮತ್ತೆ ಒಳಜೇಬು ಇದೆಯಲ್ಲ, ಅದನ್ನ ಹೊಲಿದು ಮುಚ್ಚಿಬಿಡು. ಎರಡೆಳೆ ದಾರ ಹಾಕಿ ಹೊಲಿ. ನಾನೇ ಬಂದು ಬಿಚ್ಚಿಕೊಡು ಅಂತ ಬೇಡಿದ್ರೂ ಬಿಚ್ಚಬೇಡ.”